ಐದೂವರೆಯ ಸಾಲು

ಮಧೂರು
17 ಅಕ್ಟೋಬರ್ 2025

ಪ್ರಿಯ ಮುರಳೀಕೃಷ್ಣರಿಗೆ,

ಇಷ್ಟು ಬರೆಯುವುದಕ್ಕೇ ಎರಡು ಹಾಳೆ ಹಾಳಾಯಿತು. ಒಂದೇ ಮನೆಯಲ್ಲಿದ್ದಾಗ ನಿಮ್ಮನ್ನು ಹೆಸರು ಹಿಡಿದು ಕರೆಯುವ ಅಗತ್ಯ ಬೀಳಲಿಲ್ಲ. ಇಲ್ಲಿ ಕೇಳಿ ಎಂದರೆ ಸಾಕಾಗುತ್ತಿತ್ತು. ಮಂಜೇಶ್ವರದ ತನಕ ಕೇಳಿಸಬೇಕಾದರೆ ಹೆಸರು ಬೇಕಾಗುತ್ತದೆ. ನಾನು ಆರೋಗ್ಯವಾಗಿದ್ದೇನೆ. ನಿಮ್ಮ ಕೆಮ್ಮಿನ ವಿಚಾರ ನೀವು ಬರೆದಿಲ್ಲ.

ನಿಮ್ಮ ಪತ್ರ ಬಂದು ಕೆಲವು ವಾರಗಳಾದವು. ಅದರಲ್ಲಿ ಇದ್ದದ್ದು ಒಂದೇ ಪ್ರಶ್ನೆ. ನನ್ನ ತಮ್ಮ ಶಿವಪ್ರಸಾದ ತೀರಿಹೋದ ಸಂಜೆ ನೀವು ಹೊಳೆಯ ಮೇಲಿನ ಸಂಕ ದಾಟುವಾಗ ಅವನು ಕೆಳಗೆ ನೀರಿನಲ್ಲಿ ಜೀವಂತ ಇದ್ದನೇ ಎಂದು ಕೇಳಿದ್ದೀರಿ. ಇರಲಿಲ್ಲ ಎಂದು ನಾನು ಹೇಳಿದರೆ ಮನೆಗೆ ಬರುತ್ತೀರಿ, ಇದ್ದ ಎಂದಾದರೆ ಇನ್ನು ಮುಂದೆ ನಾನು ನಿಮಗೆ ಬರೆಯುವುದೂ ಬೇಡ. ಉತ್ತರ ನನ್ನ ಕಂಪ್ಯೂಟರಿನಲ್ಲಿದೆ ಎಂದು ಯಾವುದೋ ಗೃಹಪ್ರವೇಶದ ಊಟದಲ್ಲಿ ನಮ್ಮ ಆಫೀಸಿನ ಉದಯಶಂಕರ ಸರ್ ನಿಮಗೆ ಹೇಳಿದರಂತೆ. ಅವರು ಪಾಯಸದ ಮಧ್ಯದಲ್ಲಿ ಇಂಥದ್ದನ್ನೆಲ್ಲ ಹೇಳುವವರೇ.

ನಿಮಗೆ ಗೊತ್ತಿರುವುದನ್ನೇ ಮೊದಲು ಬರೆಯುತ್ತೇನೆ. ನಾವಿಬ್ಬರೂ ಇದನ್ನು ಒಟ್ಟಿಗೆ ಕೂತು ಯಾವತ್ತೂ ಹೇಳಿಕೊಳ್ಳಲಿಲ್ಲವಲ್ಲ.

ಹೊಳೆ ಅಧ್ಯಯನ ಕೇಂದ್ರದಲ್ಲಿ ನನ್ನ ತಮ್ಮ ಉಪಕರಣಗಳನ್ನು ನೋಡಿಕೊಳ್ಳುತ್ತಿದ್ದ, ನಾನು ಅವು ಕಳಿಸುವ ಅಂಕಿಗಳನ್ನು ನೋಡಿಕೊಳ್ಳುತ್ತಿದ್ದೆ. ನಮ್ಮ ಸಂಕದ ಮೂರನೆಯ ಕಂಬಕ್ಕೆ ಒಂದು ಕಬ್ಬಿಣದ ಕೊಳವೆ ಬಿಗಿದಿದೆ. ಅದರ ತುದಿಯಲ್ಲಿ, ನೀರಿನ ಒಳಗೆ, ಹೆಬ್ಬೆರಳಿನಷ್ಟು ದಪ್ಪದ ಒಂದು ಕಡ್ಡಿ. ಅದು ನೀರಿನ ಬಿಸಿಯನ್ನು ಅಳೆಯುತ್ತದೆ. ಮಳೆಗಾಲದಲ್ಲಿ ಬಾಳೆಯ ದಿಂಡು, ಚೀಲ, ಬಳ್ಳಿ ಎಲ್ಲ ಬಂದು ಅದಕ್ಕೆ ಸುತ್ತಿಕೊಳ್ಳುತ್ತವೆ. ಮೂರು ವರ್ಷದ ಹಿಂದಿನ ಆ ಜುಲೈಯಲ್ಲಿ ಅದನ್ನು ಬಿಡಿಸಲು ಶಿವಪ್ರಸಾದ ಇಳಿದ. ಹಗ್ಗ ಕಂಬದಲ್ಲಿ ಹಾಗೆಯೇ ಇತ್ತು. ಅವನು ಸಿಕ್ಕಿದ್ದು ತುಂಬ ಕೆಳಗೆ, ಅಳಿವೆಯ ಕಾಂಡ್ಲ ಗಿಡಗಳ ಬೇರಿನಲ್ಲಿ, ಮೂರನೆಯ ದಿನ.

ಆ ಸಂಜೆ ನೀವು ಬಸ್ಸಿಳಿದು ಸಂಕದ ಮೇಲೆ ಬಂದಿರಿ. ನಡುವಿನಲ್ಲಿ ನಿಂತು ಫೋನು ಮಾಡಿ ಮನೆಯಲ್ಲಿ ಚಹಾಪುಡಿ ಉಂಟೋ ಎಂದು ಕೇಳಿದಿರಿ. ಆಗ ಐದೂಕಾಲು. ಐದೂವರೆ ಆಗುವ ಮೊದಲು ನಿಮ್ಮ ಛತ್ರಿ ನಮ್ಮ ಜಗಲಿಯಲ್ಲಿ ನೀರು ಸುರಿಸುತ್ತಿತ್ತು. ಅವನ ಉತ್ತರಕ್ರಿಯೆಯ, ಬೊಜ್ಜದ ಊಟ ಮುಗಿದು ನೆಂಟರು ಹೋದ ಮೇಲೆ ನೀವು ಹೇಳಿದಿರಿ, ಸಂಕದ ಮೇಲೆ ಫೋನನ್ನು ಜೇಬಿಗೆ ಹಾಕುವಾಗ ಯಾರೋ ಭಾವಾ ಎಂದು ಕರೆದ ಹಾಗೆ ಕೇಳಿತು, ಒಂದೇ ಸಲ, ಆಚೆ ದಡದಲ್ಲಿ ಯಾರೋ ಯಾರನ್ನೋ ಕರೆದದ್ದು ಎಂದುಕೊಂಡು ಬಂದುಬಿಟ್ಟೆ ಎಂದು. ನಾನು ಬಾಳೆಲೆಗಳನ್ನು ಎತ್ತುತ್ತಿದ್ದೆ. ಏನೂ ಹೇಳಲಿಲ್ಲ. ನೀವು ಅದನ್ನು ತೀರ್ಪು ಎಂದುಕೊಂಡಿರಿ. ದೀಪಾವಳಿಗೆ ಮೊದಲು ಮಂಜೇಶ್ವರದಲ್ಲಿ ಕೋಣೆ ಹಿಡಿದಿರಿ, ಶಾಲೆಗೆ ಹತ್ತಿರ ಎಂದು ಕಾರಣ ಕೊಟ್ಟಿರಿ. ಶಾಲೆ ಅದಕ್ಕಿಂತ ಮೊದಲೂ ಅಷ್ಟೇ ದೂರದಲ್ಲಿತ್ತು.

ಈಗ ಆ ಅಂಕಿಗಳ ಕಡತದ ವಿಷಯ.

ಕಡ್ಡಿಗೆ ಒಂದು ಅಭ್ಯಾಸದ ಪರೀಕ್ಷೆ ಉಂಟು. ಅದು ಸರಿಯಾಗಿ ಕೆಲಸ ಮಾಡುತ್ತದೆಯೇ ಎಂದು ತಿಳಿಯಲು ನೀರಿನ ಒಳಗೇ ಅದನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿಯುವುದು. ಅಂಕಿ ಏರಬೇಕು. ಯಾವ ಪುಸ್ತಕದಲ್ಲೂ ಇಲ್ಲ, ನಮ್ಮ ಕೇಂದ್ರದವರು ಮಾಡಿಕೊಂಡದ್ದು. ಶಿವಪ್ರಸಾದ ಹಿಡಿದು ಬಂದ ದಿನ, ಹೊಳೆಗೆ ಜ್ವರ ಬರಿಸಿ ಬಂದೆ ಅಕ್ಕ, ಕಷಾಯ ಮಾಡು ಎನ್ನುತ್ತಿದ್ದ. ಹಾಗಾಗಿ ಕೈಯ ಬಿಸಿ ಕಡತದಲ್ಲಿ ಹೇಗೆ ಕಾಣುತ್ತದೆ ಎಂದು ನನಗೆ ಗೊತ್ತು. ಹೊಳೆ ನಿಧಾನವಾಗಿ ಬಿಸಿಯಾಗುತ್ತದೆ, ನಿಧಾನವಾಗಿ ಆರುತ್ತದೆ. ಕೈ ಹಾಗಲ್ಲ, ಥಟ್ಟನೆ ಬರುತ್ತದೆ, ಥಟ್ಟನೆ ಹೋಗುತ್ತದೆ.

ಆ ದಿನದ ಕಡತದಲ್ಲಿ ಹೊಳೆ ಬೆಳಗಿನಿಂದ ಇಪ್ಪತ್ತೈದು ಡಿಗ್ರಿ. ಮೋಡ, ಮಳೆ, ಕೆಂಪು ನೀರು. ಐದೂವರೆ ಎಂದು ಬರೆದಿರುವ ಸಾಲಿನಲ್ಲಿ ಮಾತ್ರ ಇಪ್ಪತ್ತೊಂಬತ್ತು. ಅದರ ಮುಂದಿನ ಸಾಲಿನಲ್ಲಿ ಮತ್ತೆ ಇಪ್ಪತ್ತೈದು.

ಅವನು ಹಿಡಿದುಕೊಂಡಿದ್ದ.

ಎಷ್ಟು ಹೊತ್ತು ಎಂದು ಕೇಳಬೇಡಿ. ಅದು ಅರ್ಧ ಗಂಟೆಯ ಸರಾಸರಿ. ಸ್ವಲ್ಪ ಹೊತ್ತು ಬಲವಾಗಿ ಹಿಡಿದರೂ, ಪೂರ್ತಿ ಹೊತ್ತು ಸಡಿಲವಾಗಿ ಹಿಡಿದರೂ ಅಂಕಿ ಅದೇ ಬರುತ್ತದೆ. ನಮ್ಮ ಕೆಲಸದಲ್ಲಿ ಅಂಥ ಒಂದೊಂದು ಅರ್ಧ ಗಂಟೆಯನ್ನು ಕೋಶ ಎನ್ನುತ್ತೇವೆ. ಕೋಶದ ಒಳಗೆ ಏನಾಯಿತು ಎಂದು ಕೋಶಕ್ಕೆ ಗೊತ್ತಿರುವುದಿಲ್ಲ. ಅದರ ಮೇಲೆ ಅಂಟಿಸಿದ ಒಂದು ಗಂಟೆ ಇರುತ್ತದೆ, ಅಷ್ಟೇ. ಗಂಟೆ ಎನ್ನುವುದೂ ಪೂರ್ತಿ ನಿಜವಲ್ಲ. ಕಡತದ ಒಳಗೆ ದಿನಾಂಕವಾಗಲಿ ಗಂಟೆಯಾಗಲಿ ಇರುವುದಿಲ್ಲ. ಎಂದೋ ಗೊತ್ತುಮಾಡಿದ ಒಂದು ಮೊದಲ ದಿನದಿಂದ ಎಷ್ಟು ದಿನ ಕಳೆಯಿತು ಎಂಬ ಸಂಖ್ಯೆ ಇರುತ್ತದೆ, ಅದರ ಬೆನ್ನಿಗೆ ದಶಾಂಶ; ತೆರೆದಾಗ ಯಂತ್ರ ಅದನ್ನು ಗಂಟೆಯಾಗಿ ಮಾಡಿ ತೋರಿಸುತ್ತದೆ. ನನ್ನ ತಮ್ಮ ಆ ದಶಾಂಶಗಳಲ್ಲಿ ಎಲ್ಲೋ ಇದ್ದಾನೆ.

ಐದೂವರೆ ಎಂದರೆ ಯಾವ ಅರ್ಧ ಗಂಟೆ ಎನ್ನುವುದು ನಿಮ್ಮ ಪ್ರಶ್ನೆ. ಐದರಿಂದ ಐದೂವರೆಯೇ, ಐದೂವರೆಯಿಂದ ಆರೇ?

ಹಳೆಯ ಕ್ರಮ ನಿಮಗೆ ನೆನಪಿರಬಹುದು. ಬೆಳಿಗ್ಗೆ ಎಂಟೂವರೆಗೆ ಮಳೆಮಾಪಕದ ನೀರನ್ನು ಅಳೆದು ಆ ದಿನದ ತಾರೀಖಿನಲ್ಲಿ ಬರೆಯುತ್ತೇವೆ, ಬಿದ್ದ ಮಳೆ ಬಹುಪಾಲು ನಿನ್ನೆಯದಾದರೂ. ನಮ್ಮ ಇಲಾಖೆಯಲ್ಲಿ ನಿನ್ನೆ ನೆನೆದವನಿಗೆ ಇವತ್ತು ಶೀತವಾ ಎಂದು ನೀವು ನಗಾಡುತ್ತಿದ್ದಿರಿ. ನಾವು ಮುಗಿದದ್ದಕ್ಕೆ ಹೆಸರಿಡುವವರು. ಆ ಕ್ರಮದಲ್ಲಿ ಐದೂವರೆ ಎಂದರೆ ಐದೂವರೆಗೆ ಮುಗಿದ ಅರ್ಧ ಗಂಟೆ. ಆದರೆ ಅಂಕಿಗಳನ್ನು ದಾಖಲಿಸುವ ಹೊಸ ಪೆಟ್ಟಿಗೆಗಳಲ್ಲಿ ಕೆಲವು ಶುರುವಾಗುವುದಕ್ಕೆ ಹೆಸರಿಡುತ್ತವೆ. ಸಂಕದ ಪೆಟ್ಟಿಗೆಯನ್ನು ಆ ಜೂನಿನಲ್ಲಿ ಬದಲಾಯಿಸಿ ಗಡಿಯಾರ ಕೂಡಿಸಿದವನು ಶಿವಪ್ರಸಾದನೇ. ಯಾವ ಕ್ರಮ ಇಟ್ಟ ಎಂದು ಯಾರಿಗೂ ಹೇಳಲಿಲ್ಲ. ಹೇಳಬೇಕಾದ ಸಂಗತಿ ಎಂದು ಅವನಿಗೆ ಅನ್ನಿಸಿರಲಿಕ್ಕಿಲ್ಲ. ಪೆಟ್ಟಿಗೆಯ ಪಾಸ್‌ವರ್ಡ್ ಅವನೊಟ್ಟಿಗೇ ಹೋಯಿತು. ಅವನ ಹುಟ್ಟಿದ ದಿನ, ನನ್ನದು, ಕೊನೆಗೆ ನಿಮ್ಮದನ್ನೂ ಹಾಕಿ ನೋಡಿದೆ. ಒಡೆದು ತೆರೆದರೆ ಒಳಗಿದ್ದದ್ದೆಲ್ಲ ಅಳಿದುಹೋಗುತ್ತದೆ.

ಕೋಶ ಎಂದು ಶುರುವಾಯಿತು ಎಂದು ಮುಗಿಯಿತು ಎಂಬ ಗಡಿ ಕೊಡದೆ ಬಿಟ್ಟರೆ ಯಂತ್ರಗಳು ತಾವೇ ಊಹಿಸಿಕೊಳ್ಳುತ್ತವೆ, ಬರೆದ ಗಂಟೆಯನ್ನು ನಡುವಿನಲ್ಲಿಟ್ಟು ಹಿಂದೆ ಅರ್ಧ ಮುಂದೆ ಅರ್ಧ ಎಂದು. ಹಾಗೆ ಮಾಡಿದರೆ ಆ ಕೋಶ ಐದೂಕಾಲಿಗೆ ಸರಿಯಾಗಿ ಶುರುವಾಗುತ್ತದೆ. ನೀವು ಚಹಾಪುಡಿ ಕೇಳಿದ ಕ್ಷಣಕ್ಕೆ. ಯಂತ್ರಕ್ಕೆ ಇದರಲ್ಲಿ ಯಾವ ಆಸಕ್ತಿಯೂ ಇಲ್ಲ. ನನಗೆ ಆ ದಿನ ಊಟ ಸೇರಲಿಲ್ಲ.

ಮೂರು ವರ್ಷ ನಾನು ಆ ಕಡತದ ಗಡಿಯನ್ನು ಖಾಲಿ ಬಿಟ್ಟಿದ್ದೆ. ಈಗ ನಮ್ಮ ಅಂಕಿಗಳೆಲ್ಲ ಒಂದು ದೊಡ್ಡ ಸಂಗ್ರಹಕ್ಕೆ ಹೋಗಬೇಕಾಗಿವೆ, ಪ್ರತಿ ಕೋಶಕ್ಕೂ ಗಡಿ ಇಲ್ಲದೆ ಅವರು ತೆಗೆದುಕೊಳ್ಳುವುದಿಲ್ಲ. ಉದಯಶಂಕರ ಸರ್ ದಿನಕ್ಕೆರಡು ಸಲ ನನ್ನ ಮೇಜಿನ ಹತ್ತಿರ ಬರುತ್ತಾರೆ. ಹಾಕಿ ಮುಗಿಸಿ ಮಾರಾಯ್ತಿ, ಹೊಳೆಯೇ ಗಡಿಯಾರ ಕಟ್ಟಿಕೊಂಡಿಲ್ಲ, ನಿಮಗೆಂತ ಅದರ ಚಿಂತೆ ಎನ್ನುತ್ತಾರೆ. ಅವರಿಗೆ ಆ ಸಾಲು ಗೊತ್ತು. ಆ ಸಾಲಿಗೂ ನಿಮಗೂ ಏನು ಸಂಬಂಧ ಎನ್ನುವುದೂ ಗೊತ್ತು. ಅದಕ್ಕೇ ತಮಾಷೆಯನ್ನು ದೊಡ್ಡ ಸ್ವರದಲ್ಲಿ ಮಾಡುತ್ತಾರೆ, ಕೆಳಗಿನ ಟಯರ್ ಅಂಗಡಿಯವರಿಗೂ ಕೇಳಿಸುವ ಹಾಗೆ.

ನಿಮ್ಮ ಪತ್ರ ಬಂದ ಮೇಲೆ ನಾನು ಒಂದು ಪರೀಕ್ಷೆ ಮಾಡಿದೆ. ಸರಳವಾದದ್ದು. ಪೆಟ್ಟಿಗೆ ಅದೇ, ಕ್ರಮ ಅದೇ, ಯಾರೂ ಮುಟ್ಟಿಲ್ಲ. ಗೊತ್ತಿರುವ ಅರ್ಧ ಗಂಟೆ ಒಬ್ಬರು ಕಡ್ಡಿಯನ್ನು ಹಿಡಿಯಬೇಕು, ಬಿಸಿ ಯಾವ ಸಾಲಿನಲ್ಲಿ ಬರುತ್ತದೆ ಎಂದು ನೋಡಬೇಕು. ಶಿವಪ್ರಸಾದನ ಜಾಗಕ್ಕೆ ಬಂದ ಭವಿತ್ ಎಂಬ ತಂತ್ರಜ್ಞ ಇದ್ದಾನೆ, ತಮಾಷೆಯ ಮನುಷ್ಯ, ಎರಡು ಮಕ್ಕಳ ತಂದೆ. ಅವನು ಬಂದಲ್ಲಿಂದ ಈ ಸಂಕದಲ್ಲಿ ಮುಷ್ಟಿ ಪರೀಕ್ಷೆ ನಡೆದಿರಲಿಲ್ಲ. ಮಾಡು ಎಂದು ಯಾರೂ ಹೇಳಿರಲಿಲ್ಲ, ಅವನೂ ಕೇಳಿರಲಿಲ್ಲ.

ಬಿಸಿಲಿನ ದಿನ, ನೀರು ಇಳಿದು ಸೊಂಟದವರೆಗೆ ಇತ್ತು. ನಾವು ಹತ್ತೂವರೆಯ ಒಳಗೆ ಹೋಗಿ ಸಂಕದ ಮೇಲೆ ನಿಂತು ಹನ್ನೊಂದು ಆಗಲು ಕಾದೆವು. ಎಂತ ಅಕ್ಕ, ಒಂದು ಕಡ್ಡಿಗೆ ಅರ್ಧ ಗಂಟೆ ಕೈ ಕೊಡುವುದಾ, ಮಂಟಪದಲ್ಲಿ ನನ್ನ ಹೆಂಡತಿ ಕೂಡ ಅಷ್ಟು ಹೊತ್ತು ಹಿಡಿದಿರಲಿಲ್ಲ, ಬಿಡಿ ಬಿಡಿ ಬೆವರು ಅಂತ ಹೇಳಿದ್ದಳು ಎಂದ ಭವಿತ್. ಹನ್ನೊಂದಕ್ಕೆ ಹಿಡಿದ, ಹನ್ನೊಂದೂವರೆಗೆ ಬಿಟ್ಟ. ನಾನು ಮೇಲಿನಿಂದ ಅವನ ನೆತ್ತಿಯನ್ನು ನೋಡುತ್ತಾ ನಿಂತಿದ್ದೆ. ಮೇಲೆ ಬಂದಾಗ ತಮಾಷೆ ನಿಂತಿತ್ತು. ಮತ್ತೆ ಹನ್ನೆರಡರವರೆಗೆ ದಡದ ಕಲ್ಲಿನಲ್ಲಿ ಕೂತು ಫ್ಲಾಸ್ಕಿನ ಚಹಾ ಕುಡಿದೆವು. ಆ ಹೊತ್ತು ಪೂರ್ತಿ, ಅವನು ಇಳಿಯುವ ಮೊದಲಾಗಲಿ ಹತ್ತಿದ ಮೇಲಾಗಲಿ, ಕಂಬದ ಹತ್ತಿರ ಯಾರೂ ಹೋಗಲಿಲ್ಲ. ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳಬಲ್ಲೆ.

ಮಧ್ಯಾಹ್ನ ನಾಯ್ಮಾರ್ಮೂಲೆಯ ಆಫೀಸಿಗೆ ಬಂದು ಕಡತ ತೆರೆದೆ. ಬಿಸಿಯಾಗಿದ್ದ ಸಾಲುಗಳು ಎರಡು. ಹನ್ನೊಂದರ ಸಾಲು, ಹನ್ನೊಂದೂವರೆಯ ಸಾಲು. ಎರಡರಲ್ಲೂ ಒಂದೇ ಅಂಕಿ.

ಇದು ಹೇಗೆ ಎಂದು ನಾನು ಕಾಗದದಲ್ಲಿ ಗೆರೆ ಎಳೆದು ನೋಡಿದೆ. ಭವಿತ್ ಹಿಡಿದದ್ದು ಒಂದು ಕೋಶದಷ್ಟು. ಇನ್ನೊಂದು ಕೋಶವನ್ನು ಬೇರೆ ಯಾರೋ ಹಿಡಿದಿರಬೇಕು. ಪೆಟ್ಟಿಗೆ ಹಳೆಯ ಕ್ರಮದಂತೆ ಮುಗಿದದ್ದಕ್ಕೆ ಹೆಸರಿಡುವುದಾದರೆ, ಹನ್ನೊಂದೂವರೆಯ ಸಾಲು ಭವಿತನದು. ಹನ್ನೊಂದರ ಸಾಲಿನವರು ಅವನಿಗಿಂತ ಮೊದಲು ಹಿಡಿದಿದ್ದರು. ಹೊಸ ಕ್ರಮದಂತೆ ಶುರುವಾಗುವುದಕ್ಕೆ ಹೆಸರಿಡುವುದಾದರೆ, ಹನ್ನೊಂದರ ಸಾಲು ಭವಿತನದು. ಇನ್ನೊಬ್ಬರು ಅವನು ಬಿಟ್ಟ ಮೇಲೆ ಹಿಡಿದರು. ಯಾರು ಎಂದು ಕಡತ ಕೇಳುವುದಿಲ್ಲ. ನಾನೂ ಈಗ ಕೇಳುವುದನ್ನು ಬಿಟ್ಟಿದ್ದೇನೆ. ಮೊದಲೋ ಆಮೇಲೋ ಎಂಬುದು ಮಾತ್ರ ನನಗೆ ಬೇಕಾಗಿತ್ತು. ಮೊದಲು ಎಂದಾದರೆ ಆ ಸಂಜೆಯ ಐದೂವರೆಯ ಸಾಲು ಐದಕ್ಕೆ ಶುರುವಾಗುತ್ತದೆ, ನೀವು ಅದರ ಮೇಲೆ ನಡೆದು ಬಂದಿದ್ದೀರಿ. ಆಮೇಲೆ ಎಂದಾದರೆ ಅದು ಶುರುವಾಗುವಾಗ ನೀವು ಮನೆಯಲ್ಲಿದ್ದಿರಿ.

ಕಡ್ಡಿ ಕೆಟ್ಟಿರಬಹುದು ಎಂದು ನೀವು ಹೇಳಬಹುದು. ನಾನೂ ಹಾಗೆ ಹೇಳಿಕೊಂಡೆ. ಮೂರು ವರ್ಷದ ಸಾಲುಗಳನ್ನೆಲ್ಲ ತೆಗೆದು ನೋಡಿದೆ. ಇನ್ನೆಲ್ಲೂ ಅಂಥ ಬಿಸಿ ಇಲ್ಲ. ಆ ಸಂಜೆ ಬಿಟ್ಟರೆ, ಒಬ್ಬ ಮನುಷ್ಯ ಹಿಡಿಯಲೆಂದು ಹೋದ ಆ ಒಂದು ಬೆಳಿಗ್ಗೆ ಮಾತ್ರ. ಅಂದರೆ ಅಲ್ಲಿ ಇರುವುದು ಸುಮ್ಮನೆ ಇರುತ್ತದೆ. ಯಾರಾದರೂ ಕೈ ಕೊಡಲು ಹೋದಾಗ ಮಾತ್ರ ಅದಕ್ಕೂ ಕೈ ಬರುತ್ತದೆ. ಇದನ್ನು ಬರೆದ ಮೇಲೆ ಓದಿ ನೋಡಿದೆ. ಹೊಡೆದು ಹಾಕಬೇಕೆಂದಿದ್ದೆ, ಹಾಗೆಯೇ ಬಿಡುತ್ತೇನೆ.

ಇನ್ನೊಮ್ಮೆ ಇಳಿಯಬಹುದಾ ಎಂದು ಭವಿತನನ್ನು ಕೇಳಿದೆ. ಅವನಿಗೆ ಮೊದಲು ಮಗಳ ಜ್ವರ ಅಡ್ಡ ಬಂತು, ಮತ್ತೆ ಮನೆಯ ದೈವಕ್ಕೆ ಏನೋ ಹರಕೆ. ಮೂರನೆಯ ಸಲ ಕೇಳಿದಾಗ, ಬೇರೆ ಎಂತ ಕೆಲಸ ಬೇಕಾದರೂ ಹೇಳಿ ಅಕ್ಕ, ಕಕ್ಕಸು ತೊಳೆ ಎಂದು ಹೇಳಿ, ತೊಳೆಯುತ್ತೇನೆ ಎಂದ. ಬಿಟ್ಟೆ.

ನಿಮಗೆ ಉತ್ತರ ಕೊಡಬೇಕು. ಇಷ್ಟು ಸುತ್ತಿದ್ದು ಉತ್ತರ ಇಲ್ಲದ್ದಕ್ಕಲ್ಲ. ನೀವು ಗಣಿತ ಕಲಿಸುವವರು, ದಾರಿ ತೋರಿಸದೆ ಮೊತ್ತ ಮಾತ್ರ ಬರೆದರೆ ಅಂಕ ಕೊಡುವವರಲ್ಲ.

ಅವನು ಇರಲಿಲ್ಲ.

ಪೆಟ್ಟಿಗೆ ಶುರುವಾಗುವುದಕ್ಕೆ ಹೆಸರಿಡುತ್ತದೆ. ಐದೂವರೆಯ ಸಾಲು ಐದೂವರೆಯಿಂದ ಆರರದು. ನೀವು ದಾಟುವಾಗ ಕೆಳಗೆ ನೀರು ಮಾತ್ರ ಇತ್ತು. ನಿನ್ನೆ ಹಾಗೆಯೇ ಗಡಿಗಳನ್ನು ತುಂಬಿಸಿ, ಉದಯಶಂಕರ ಸರ್ ನೋಡುತ್ತಿದ್ದ ಹಾಗೆಯೇ ಕಳಿಸಿಬಿಟ್ಟೆ. ಅವರು ಕೆಳಗೆ ಹೋಗಿ ಎರಡು ಪರಿಪ್ಪುವಡೆ ತಂದು ನನ್ನ ಮೇಜಿನ ಮೇಲಿಟ್ಟರು. ಇನ್ನು ಯಾರು ಆ ಕಡತವನ್ನು ಎಲ್ಲಿ ತೆರೆದರೂ ಅದು ಹಾಗೆಯೇ ಹೇಳುತ್ತದೆ. ನೂರು ವರ್ಷ ಬಿಟ್ಟು ತೆರೆದರೂ.

ಹಾಗಾದರೆ ಭಾವಾ ಎಂದು ಕರೆದದ್ದು ಯಾರು ಎಂದು ನೀವು ಕೇಳುತ್ತೀರಿ. ಅದನ್ನೂ ಯೋಚಿಸಿದೆ. ಆಚೆ ದಡದಲ್ಲಿ ಭಾವ ಅನ್ನಿಸಿಕೊಳ್ಳುವವರು ತುಂಬ ಜನ ಇದ್ದಾರೆ. ಮಳೆಯಲ್ಲಿ ಸ್ವರ ಎಲ್ಲಿಂದಲೋ ಹೊರಟು ಎಲ್ಲಿಯೋ ಕೇಳುತ್ತದೆ. ಇನ್ನೂ ನೀರಿಗೆ ಇಳಿಯದವನು ನೀರಿನಿಂದ ನಿಮ್ಮನ್ನು ಕರೆಯಲಿಕ್ಕೆ ಸಾಧ್ಯವಿಲ್ಲ. ಮೇಲೆ ದಡದಲ್ಲಿದ್ದರೆ ಒಂದೇ ಸಲ ಕರೆದು ಸುಮ್ಮನಾಗುವ ಜನವೂ ಅವನಲ್ಲ. ಓಡಿ ಬಂದು ನಿಮ್ಮ ಛತ್ರಿಯೊಳಗೆ ನುಗ್ಗುತ್ತಿದ್ದ.

ಇನ್ನು ಮನೆಯ ವಿಷಯ. ನಿಮ್ಮ ಕನ್ನಡಕದ ಹಳೆಯ ಜೋಡಿ ಇಲ್ಲಿಯೇ ಇದೆ. ಒಳಕೋಣೆಯ ಫ್ಯಾನು ಸರಿಯಾಯಿತು. ನೀವು ಬಂದರೆ ನನಗೆ ಒಳ್ಳೆಯದು ಎಂಬ ವಾಕ್ಯ ಬರೆಯಲು ನನಗೆ ಬರುವುದಿಲ್ಲ. ಹಾಲಿನವನಿಗೆ ಸೋಮವಾರದಿಂದ ಅರ್ಧ ಲೀಟರ್ ಹೆಚ್ಚು ಹಾಕಲು ಹೇಳಿದ್ದೇನೆ. ಅವನು ಎಂತ ಅಕ್ಕ, ನೆಂಟರಾ ಎಂದು ಕೇಳಿದ.

ನಾವು ಶಿವಪ್ರಸಾದನ ಬಗ್ಗೆ ಮಾತಾಡಬೇಕಾಗಿಲ್ಲ. ಬೇಕೆನಿಸಿದರೆ ಮಾತಾಡಬಹುದು. ಆ ದಿನ ನಾನು ಸುಮ್ಮನಿದ್ದದ್ದು ನಿಮ್ಮನ್ನು ತೂಗುವುದಕ್ಕಲ್ಲ. ಎಲೆ ಎತ್ತುವಾಗ ಒಂದು ಎಲೆಯಲ್ಲಿ ಯಾರೂ ಉಂಡಿರಲಿಲ್ಲ, ಬಡಿಸಿದ್ದೆಲ್ಲ ಹಾಗೆಯೇ ಇತ್ತು. ಯಾರಿಗೆ ಹಾಕಿದ್ದೆವು ಎಂದು ಯೋಚಿಸುತ್ತಿದ್ದೆ. ಅಷ್ಟರಲ್ಲಿ ನೀವು ಹೇಳಿ ಮುಗಿಸಿದ್ದಿರಿ.

ಬನ್ನಿ. ಮೊದಲೇ ತಿಳಿಸಬೇಕೆಂದಿಲ್ಲ.

ನಿಮ್ಮ
ಶ್ರೀರಂಜಿನಿ

ಮ. ಬ.: ಬರುವಾಗ ಸಂಕದ ಮೇಲೆ ಬರುವುದು ಬೇಡ. ದೇವಸ್ಥಾನದ ಬಸ್ಸಿನಲ್ಲಿ ಕೂತು ರಸ್ತೆಯಿಂದಲೇ ಬನ್ನಿ, ಸುತ್ತಾದರೂ ಆಗಲಿ. ಪರೀಕ್ಷೆಯ ದಿನ ಭವಿತ್ ನೀರಿನಿಂದ ಹತ್ತಿ ಬಂದು ಹೇಳಿದ್ದನ್ನು ನಾನು ಮೇಲೆ ಎಲ್ಲಿಯೂ ಬರೆದಿಲ್ಲ. ತಾನು ಕೈ ಹಾಕುವಾಗಲೇ ಕಡ್ಡಿ ಬೆಚ್ಚಗಿತ್ತಂತೆ. ಅಷ್ಟು ಹೊತ್ತು ಹಿಡಿದು ಹಿಡಿದು ಸಾಕಾದವರು ಯಾರೋ, ತಗೋ ಎಂದು ಕೊಟ್ಟ ಹಾಗಿತ್ತಂತೆ. ಇನ್ನೊಮ್ಮೆ ಹೇಳು ಎಂದು ಕೇಳಿದೆ. ಮೊದಲೇ, ಅಕ್ಕ, ಎಂದ. ನಾನು ಹಿಡಿಯುವ ಮೊದಲೇ.